ಮಾರ್ಥಾ ಸಿಸ್ಟರ್ ನುಂಗಿದ ಗುಳಿಗೆ

ಡಾಬಕಾ ಊರಿನ ಸುಜಾತಾ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅಂಗಡಿಯ ಬಿಸ್ಕತ್ತನ್ನೂ ಮೂಸಿ ನೋಡಿಯೇ ಬಾಯಿಗಿಡುವ ಹುಡುಗಿ. ಹದಿನೈದಕ್ಕೇ ಇಷ್ಟು ಸಂಶಯ ಎಲ್ಲಿಂದ ಬಂತೆಂದು ಕೇಳಬೇಡಿ. ಅಪ್ಪ ಬಕ್ಕಪ್ಪನ ಕುರಿಗಳ ಹಿಂದೆ ಬೆಳೆದವಳು. ಕುರಿ ಬಾಯಿಬಿಟ್ಟು ನೋವು ಹೇಳುವುದಿಲ್ಲ, ಹಿಕ್ಕೆ ನೋಡಿಯೇ ತಿಳಿಯಬೇಕು. ಅದು ಡಾಂಬರಿನಂತೆ ಕರ್ರಗೆ ಅಂಟಿಕೊಂಡಿತೆಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದೇ ಅರ್ಥ. ಹೋದ ವರ್ಷ ಹಾಗೆಯೇ ಎರಡು ಕುರಿ ಸತ್ತಿದ್ದವು.

ಶ್ರಾವಣದಲ್ಲಿ ಬೀದರಿನ ಚಿದ್ರಿಯ ಆಸ್ಪತ್ರೆಯಿಂದ ನರ್ಸ್ ಮಾರ್ಥಾ ಸಿಸ್ಟರ್ ಶಾಲೆಗೆ ಬಂದು ಹುಡುಗಿಯರ ಬೆರಳು ಚುಚ್ಚಿ ರಕ್ತ ನೋಡಿದರು. ಹನ್ನೆರಡು ಹುಡುಗಿಯರಿಗೆ ರಕ್ತ ಕಡಿಮೆ. ಸುಜಾತಾ ಮತ್ತು ಅವಳ ಗೆಳತಿ ಸೌಂದರ್ಯಾಳಿಗಂತೂ ತೀರಾ ಕಡಿಮೆ. ದಿನಕ್ಕೊಂದು ಕಬ್ಬಿಣದ ಗುಳಿಗೆ ಮೇಷ್ಟ್ರ ಮುಂದೆಯೇ ನುಂಗಬೇಕೆಂದು ಹೇಳಿ ಸಿಸ್ಟರ್ ಬಸ್ಸು ಹತ್ತಿದರು.

ಮೂರನೆಯ ಬೆಳಿಗ್ಗೆ ಪಾಯಖಾನೆಯಲ್ಲಿ ಸುಜಾತಾ ಬೆವತುಹೋದಳು. ಎಲ್ಲ ಕರ್ರಗೆ. ಸತ್ತ ಕುರಿಗಳು ಕಣ್ಣ ಮುಂದೆ ಬಂದವು. ಪುಕ್ಕಟೆ ಕೊಡುವುದರಲ್ಲಿ ಏನೋ ಮಸಲತ್ತಿದೆ ಎಂದು ಅವಳಿಗೆ ಮೊದಲೇ ಅನಿಸಿತ್ತು. ಇಂಥ ಮಾತನ್ನು ದೊಡ್ಡವರಿಗೆ ಹೇಳುವುದು ಹೇಗೆ? ಸೌಂದರ್ಯಾಳ ಕಿವಿಯಲ್ಲಿ ಮಾತ್ರ ಉಸುರಿದಳು. ವಾರ ತುಂಬುವುದರೊಳಗೆ ಹನ್ನೆರಡು ಮಂದಿಯೂ ಗುಳಿಗೆಯನ್ನು ದವಡೆಯಲ್ಲಿಟ್ಟುಕೊಂಡು, ಮೇಷ್ಟ್ರು ಅತ್ತ ತಿರುಗಿದ ಕೂಡಲೇ ಉಗುಳತೊಡಗಿದರು.

ದಸರೆಗೆ ಮುಂಚೆ ಸೌಂದರ್ಯಾ ಪ್ರಾರ್ಥನೆಯ ಸಾಲಿನಲ್ಲೇ ಕುಸಿದು ಬಿದ್ದಳು. ರಕ್ತ ಇನ್ನೂ ಇಳಿದಿದೆ ಎಂದು ಔರಾದದ ಡಾಕ್ಟರು ಹೇಳಿದರಂತೆ. ಸುಜಾತಾ ತನ್ನಲ್ಲೇ ಕೇಳಿಕೊಂಡಳು: ಗೆಳತಿಯನ್ನು ಕೆಡವಿದ್ದು ಗುಳಿಗೆಯೋ, ತನ್ನ ಮಾತೋ?

ಮಾರ್ಥಾ ಸಿಸ್ಟರ್ ಮತ್ತೆ ಬಂದಾಗ ನೇರ ಹೋಗಿ, ಕುರಿಯ ಹಿಕ್ಕೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಕಬ್ಬಿಣ ನುಂಗಿದರೆ ಹಾಗೇ ಆಗುತ್ತದೆ, ಅದು ರಕ್ತವಲ್ಲ ಎಂದರು ಸಿಸ್ಟರ್.

“ಮೊದಲೇ ಯಾಕ ಹೇಳಲಿಲ್ಲರಿ?”

ಸಿಸ್ಟರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಾಚಿಕಿ ಬಂತವ್ವ. ಇಂಥಾದು ಹ್ಯಾಂಗ ಹೇಳೋದು ಅಂತ ಇಪ್ಪತ್ತು ವರ್ಷ ಹೇಳೋದೇ ಬಿಟ್ಟೀನಿ.”

ಅಷ್ಟಕ್ಕೆಲ್ಲ ಸುಜಾತಾ ಕರಗುವವಳಲ್ಲ. ಗುಳಿಗೆಯ ಪಟ್ಟಿಯನ್ನು ಅವರ ಮುಂದೆಯೇ ಹಿಡಿದಳು.

“ನೀವೂ ಮೂರು ದಿನ ನುಂಗ್ರಿ. ನಿಮಗೂ ಹಂಗೇ ಆದ್ರ ನಾವು ನುಂಗ್ತೇವಿ.”

ಮೇಷ್ಟ್ರು ಗದರಿದರು. ಸಿಸ್ಟರ್ ನೀರು ತರಿಸಿ, ಅಲ್ಲೇ ಒಂದು ನುಂಗಿದರು.

ನಾಲ್ಕನೆಯ ದಿನ ಎರಡು ಬಸ್ಸು ಬದಲಿಸಿ ಬಂದು ಅವರು ತರಗತಿಯ ಮುಂದೆ ನಿಂತರು. ಹುಡುಗರನ್ನು ಹೊರಗೆ ಕಳಿಸಲೇ ಎಂದು ಮೇಷ್ಟ್ರು ಕೇಳಿದರೆ ಬೇಡವೆಂದರು.

“ಸುಜಾತಾ, ನಂದೂ ಕರ್ರಗ ಆಗೇದವ್ವ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸುಜಾತಾ ನಗಲಿಲ್ಲ. ಗುಳಿಗೆಯನ್ನು ಒಮ್ಮೆ ಮೂಸಿ ನೋಡಿ, ಸೌಂದರ್ಯಾಳ ಕೈಗೂ ಒಂದು ಕೊಟ್ಟು, ಎಲ್ಲರಿಗಿಂತ ಮೊದಲು ತಾನು ನುಂಗಿದಳು.