ಯಾರೂ ನಂಬದ ಅಂಗೈ

ನಮ್ಮ ಅತ್ತಿಗೆಯ ಬಲ ಅಂಗೈಯಲ್ಲಿ ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ತನಕ ಆಳವಾದ ಗಾಯದ ಗೆರೆಯೊಂದಿತ್ತು. ರೊಟ್ಟಿ ತಟ್ಟುವಾಗ ಹಿಟ್ಟು ಅದರೊಳಗೆ ಸೇರಿಕೊಳ್ಳುತ್ತಿತ್ತು.

ಹೊಸಪೇಟೆಯ ನಮ್ಮ ಮನೆಯಲ್ಲಿ ಸ್ವರಾಜ್ಯದ ಹುಚ್ಚು ಇಬ್ಬರಿಗಿತ್ತು. ಅಣ್ಣ ಚರಕದ ಮುಂದೆ ಕೂರುವವ, ಇರುವೆ ಸಾಲು ಕಂಡರೆ ಬಳಸಿ ಹೋಗುವವ, ಸುಳ್ಳಾಡಿ ಗೊತ್ತಿಲ್ಲ. ಅತ್ತಿಗೆಯೋ ಬೆಂಕಿ. "ಹಿಂಗ ನೂಲ್ಕೋತ ಕುಂದ್ರಿ, ಮೊಮ್ಮಕ್ಕಳ ಕಾಲಕ್ಕ ಕೊಟ್ಟಾರು! ಬೇಡಿದ್ರ ಯಾರ್ ಕೊಡ್ತಾರ್ರಿ? ಕಸ್ಕೋಬೇಕು," ಎಂದು ರೇಗುತ್ತಿದ್ದಳು. ಅಣ್ಣ ನಗುತ್ತಿದ್ದ.

ಒಮ್ಮೆ ತವರು ಗಾದಿಗನೂರಿಗೆ ಹೋದವಳು ರೈಲುದಾರಿಯ ಕಂಬ ಹತ್ತಿ ಸರಕಾರದ ತಂತಿಯನ್ನೇ ಕತ್ತರಿಸಿದಳು. ಹುಣಸೆಮರ ಹತ್ತಿ ಬೆಳೆದವಳಿಗೆ ಕಂಬ ಯಾವ ಲೆಕ್ಕ! ತಂತಿ ಪುಟಿದು ಅಂಗೈ ಸೀಳಿತು. ಅವಳನ್ನು ಕರೆತರಲು ಅಣ್ಣ ಅಂದೇ ಅಲ್ಲಿಗೆ ಹೋಗಿದ್ದ, ಕಂಡವರಿದ್ದರು. ಮನೆಗೆ ಬಂದಾಗ ಗಾಯಕ್ಕೆ ಅರಿಶಿನ ಮೆತ್ತಿದವಳು ನಾನು.

ಸ್ವಲ್ಪ ದಿನಕ್ಕೆ ಇನ್ಸ್‌ಪೆಕ್ಟರು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಯಾರು ಉಗ್ರರು, ಯಾರು ಸೌಮ್ಯರು ಎಂದು ಮನೆಮನೆ ಅಳೆಯುವುದು ಅವರ ಕೆಲಸ. "ಮನಿಯಾಗ ಗಂಡಸ್ರು ಯಾರ್ಯಾರದಾರ್ರಿ?" ತಂತಿ ಕತ್ತರಿಸಿದ ದಿನ ಅಣ್ಣ ಗಾದಿಗನೂರಲ್ಲಿದ್ದ ಸುದ್ದಿ ಅವರಿಗೆ ಮುಟ್ಟಿತ್ತು; ಅಲ್ಲಿಗೆ ಅಳತೆ ಮುಗಿಯಿತು. ಹೆಂಗಸರಿಂದ ಅವರಿಗೆ ಬೇಕಿದ್ದದ್ದು ಮಜ್ಜಿಗೆ. ಥೂ!

ಅತ್ತಿಗೆ ಮಜ್ಜಿಗೆ ಲೋಟ ಕೆಳಗಿಟ್ಟು, ಅಂಗೈಗೆ ಸುತ್ತಿದ ಅರಿವೆ ಬಿಚ್ಚಿ ಚಾಚಿದಳು. "ತಂತಿ ಕೊಯ್ದಾಕಿ ನಾನ್ರಿ. ನೋಡ್ರಿಲ್ಲೆ."

ಇನ್ಸ್‌ಪೆಕ್ಟರು ನಕ್ಕುಬಿಟ್ಟರು. "ಈಳಿಗಿ ಕೊಯ್ದಿರ್ಬೇಕು. ಒಳಗ ಹೋಗವ್ವ."

"ಹೌದ್ರಿ ಸಾಹೇಬ್ರ," ಎಂದ ಅಣ್ಣ. "ಗಂಡನ್ನ ಉಳಿಸ್ಕೋಬೇಕಂತ ಹಂಗಂತಾಳ. ಕೊಯ್ದಾಂವ ನಾನು."

ಅವನಾಡಿದ ಸುಳ್ಳು ಅದೊಂದೇ. ಅದನ್ನು ಎಲ್ಲರೂ ನಂಬಿದರು.

ಠಾಣೆಯ ತನಕ ಅತ್ತಿಗೆ ಅಂಗೈ ಚಾಚಿಕೊಂಡೇ ಹಿಂದೆ ಓಡಿದಳು. ಪೇದೆಗಳಿಗೆ ತೋರಿಸಿದಳು, ವಕೀಲರಿಗೆ ತೋರಿಸಿದಳು. "ಎಂಥಾ ಪತಿವ್ರತಿ!" ಎಂದು ಊರೆಲ್ಲ ಕೊಂಡಾಡಿತು. ಜೈಲಿನಲ್ಲಿ ಅಣ್ಣನಿಗೆ ಜ್ವರ ಬಂತು. ಮನೆಗೆ ಮರಳಿದ್ದು ಅವನ ಧೋತರ ಮಾತ್ರ. ಅದನ್ನು ಹಿಡಿದುಕೊಂಡು ನಾವಿಬ್ಬರೂ ಗೋಳಾಡಿದೆವು.

"ಬೇಡಿದ್ರೂ ಕೊಡ್ಲಿಲ್ಲ ನೋಡು," ಎನ್ನುತ್ತಿದ್ದಳು ಕಡೆಯವರೆಗೂ. "ನನ್ನ ಶಿಕ್ಷಾನ ಕಸ್ಕೊಂಡು ಹೋದ್ರು ನಿಮ್ಮಣ್ಣ."

ಅತ್ತಿಗೆ ತೀರಿಕೊಂಡ ದಿನ ಮೈ ತೊಳೆಯುತ್ತಿದ್ದ ನೆರೆಮನೆಯಾಕೆ ಅವಳ ಮುಷ್ಟಿ ಬಿಡಿಸಿ, "ಪಾಪ, ಈಳಿಗಿ ಎಷ್ಟ್ ಆಳ ಕೊಯ್ದೈತಿ ನೋಡ್ರಿ," ಎಂದಳು.

"ಈಳಿಗಿ ಅಲ್ಲವ್ವ, ಸರಕಾರದ ತಂತಿ. ಕೊಯ್ದಾಕಿ ಈಕೀನ," ಎಂದೆ.

ಆಕೆ ಮರುಕದಿಂದ ನನ್ನ ತೋಳು ಹಿಡಿದಳು. "ದುಃಖಕ್ಕ ಏನೇನೋ ಮಾತಾಡಾಕತ್ತೀರಿ. ನೀವು ಸ್ವಲ್ಪ ಹೊರಗ ಕುಂದ್ರಿ."