ಸೈದಪ್ಪನ ಕರಿ ಕೌಜುಗ

ನಿಂಬರ್ಗಾದ ಸೈದಪ್ಪ ಬಾಯಿ ಬಿಟ್ಟರೆ ಸುಳ್ಳು. ತೊಗರಿ ಹೊಲದ ಬದುವಿನಲ್ಲಿ ಬಲೆ ಒಡ್ಡಿ ಕೌಜುಗ ಹಿಡಿದು ಮಾರುವುದು ಅವನ ಕಸುಬು. ಈ ಹಕ್ಕಿಗೆ ಮೈಬಣ್ಣವೇ ಹೆಸರು: ಬೂದು ಕೌಜುಗ, ಕರಿ ಕೌಜುಗ. ಬೂದು ಬೇಕಾದಷ್ಟು ಸಿಗುತ್ತದೆ, ಸಾರಿಗೆ ಹೋಗುತ್ತದೆ. ಕರಿಯದು ಅಪರೂಪ, ಬೇಕೆನ್ನುವವರು ಮಾತ್ರ ಊರ ತುಂಬ. ರೋಗಿಯ ತಲೆದೆಸೆಗೆ ಕರಿ ಕೌಜುಗದ ಪಂಜರ ಇಟ್ಟರೆ ರೋಗ ಹಕ್ಕಿಯ ಮೈಗೆ ಹೋಗುತ್ತದೆ, ಹಕ್ಕಿ ಸತ್ತರೆ ರೋಗಿ ಉಳಿದ ಹಾಗೆ ಎಂದು ನಂಬುವವರಿದ್ದಾರೆ.

ಸೈದಪ್ಪ ಹೊಲದ ಗುಡಿಸಲಲ್ಲಿ ಕೂತು ಬೂದು ಹಕ್ಕಿಗೆ ತಲೆಗೂದಲಿನ ಕರಿ ಬಣ್ಣ ಬಳಿದು ಆಳಂದದ ಸಂತೆಗೆ ಒಯ್ಯುತ್ತಿದ್ದ. ಕೊಕ್ಕಿನಿಂದ ಗರಿ ತೀಡಿಕೊಳ್ಳುತ್ತ ಹಕ್ಕಿ ಆ ವಿಷವನ್ನೇ ತಿಂದು ಕಾಲು ಸೆಟೆದು ಸಾಯುತ್ತಿತ್ತು. ಕೊಂಡವರು ಬಂದು ಕೈ ಮುಗಿಯುತ್ತಿದ್ದರು.

"ನಿಮ್ಮ ಪೀಡಾ ಹೋತ್ರಿ. ಇನ್ನ ಗುಳಿಗಿ ಯಾಕ ಬೇಕ್ರಿ," ಎನ್ನುತ್ತಿದ್ದ ಆ ಭಂಡ. ಅವರಲ್ಲಿ ಎಷ್ಟು ಜನ ಮಣ್ಣಾದರೋ. ಸತ್ತವರು ದೂರು ಹೇಳಲು ಬರುವುದಿಲ್ಲವಲ್ಲ.

ಈ ಗುಟ್ಟನ್ನು ಹೆಂಡತಿ ರೇವಮ್ಮನಿಗೂ ಬಿಟ್ಟುಕೊಟ್ಟಿರಲಿಲ್ಲ. ಹೆಂಗಸರ ಬಾಯಲ್ಲಿ ಮಾತು ನಿಲ್ಲುವುದಿಲ್ಲವಂತೆ. ಮಗಳು ಶೈಲಶ್ರೀಗೆ ಫಿಟ್ಸ್ ಇತ್ತು. ದಿನಾ ಗುಳಿಗೆ ನುಂಗುತ್ತ ಚೌಡಾಪುರದ ಗಂಡನ ಮನೆಯಲ್ಲಿ ಚೆನ್ನಾಗಿಯೇ ಬಾಳುತ್ತಿದ್ದಳು. ಆದರೂ ತಾಯಿಯ ಕರುಳು ಕೇಳಬೇಕಲ್ಲ. ಗಂಡ ಊರಲ್ಲಿಲ್ಲದಾಗ ರೇವಮ್ಮ ಅವನು ಮಾರಲಿಟ್ಟಿದ್ದ ಕರಿ ಹಕ್ಕಿಯೊಂದನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಮಗಳಿಗೆ ಕೊಟ್ಟು ಬಂದಳು.

ಆ ಹಕ್ಕಿ ಸತ್ತ ಸುದ್ದಿಯನ್ನು ಅವಳು ನಗುನಗುತ್ತ ಹೇಳಿದಾಗ ಸೈದಪ್ಪ ಕೂತಲ್ಲಿಂದ ಎದ್ದೇಬಿಟ್ಟ. ಸಿಕ್ಕ ಬಸ್ಸು ಹತ್ತಿ ಚೌಡಾಪುರಕ್ಕೆ ಓಡಿದ. ರೇವಮ್ಮನೂ ಬೆನ್ನು ಹತ್ತಿದಳು.

"ಗುಳಿಗಿ ಬಿಟ್ಟೀಯೇನವ್ವಾ?"

"ಬಚ್ಚಲಕ್ಕ ಚೆಲ್ಲೇನಿ ಅಪ್ಪಾ," ಎಂದಳು ಶೈಲಶ್ರೀ. "ಹಕ್ಕಿ ಸತ್ತಮ್ಯಾಲ ಇನ್ನೆಲ್ಲಿ ರೋಗ?"

"ಅದು ಕರಿ ಹಕ್ಕಿ ಅಲ್ಲವ್ವಾ. ಬಣ್ಣ ನಾನ ಹಚ್ಚೇನಿ. ಬಣ್ಣ ತಿಂದು ಸತ್ತೈತಿ. ನಿನ್ನ ಕಾಲ ಹಿಡೀತೇನಿ, ಗುಳಿಗಿ ತೊಗೋ."

ತಾಯಿ ಮಗಳು ಮುಖ ಮುಖ ನೋಡಿಕೊಂಡು ನಕ್ಕರು. "ಮಾರೂ ಹಕ್ಕಿ ಪುಕ್ಕಟ ಹೋತಂತ ಹೊಟ್ಟಿ ಉರ್ಯಾಕತ್ತೈತಿ ನಿಮಗ," ಎಂದಳು ರೇವಮ್ಮ. "ಮಗಳಿಗಿಂತ ಹಕ್ಕಿ ಹೆಚ್ಚಾತೇನ್ರಿ?"

ಸೈದಪ್ಪ ಹೊಸ ಗುಳಿಗೆ ತಂದುಕೊಟ್ಟ. ಅಪ್ಪನ ಸಮಾಧಾನಕ್ಕೆ ಮಗಳು ಇಸಿದುಕೊಂಡಳು, ನುಂಗಲಿಲ್ಲ.

ವಾರದೊಳಗೆ, ರೊಟ್ಟಿ ಬಡಿಯುತ್ತಿದ್ದಾಗ ಫಿಟ್ಸ್ ಬಂದು ಶೈಲಶ್ರೀ ಮುಖ ಅಡಿಯಾಗಿ ಒಲೆಗೆ ಬಿದ್ದಳು. ಎತ್ತುವಷ್ಟರಲ್ಲಿ ಪ್ರಾಣ ಹೋಗಿತ್ತು. ನಿಂಬರ್ಗಾದಿಂದ ಅವಳ ಮಣ್ಣಿಗೆ ಹೋದ ಊರವರಲ್ಲಿ ನಾನೂ ಒಬ್ಬ. ಮುಖದ ಮೇಲಿನ ಬಟ್ಟೆಯನ್ನು ಯಾರೂ ತೆಗೆಯಲಿಲ್ಲ.

"ನಾ ಖರೇ ಹೇಳಿದ್ದೆ. ಯಾಕ ನಂಬಲಿಲ್ಲ?" ಎಂದು ಸೈದಪ್ಪ ಹೆಣದ ಪಕ್ಕ ಕುಸಿದು ಹಲುಬಿದ.

ರೇವಮ್ಮ ಅಳಲಿಲ್ಲ. "ಹಕ್ಕಿ ಸತ್ತರ ರೋಗ ಹೋತಂತ ಊರ ಮಂದಿಗೆಲ್ಲ ಆಣಿ ಮಾಡಿ ಹೇಳಿದ್ರಿ. ಮದುವ್ಯಾದಾಗಿಂದ ಅದನ್ನ ಕೇಳಿ ನಂಬಿದಾಕಿ ನಾ. ಒಂದಿನದ ಖರೇ ಮಾತು ಹೆಂಗ ನಂಬಬೇಕಿತ್ರಿ?"

ಹೆಣ ಎತ್ತಲು ಸೈದಪ್ಪ ಕೈ ಚಾಚಿದ.

"ಮುಟ್ಟಬ್ಯಾಡ್ರಿ," ಎಂದಳು.