ಸೊಸೆಯ ಕಾಲು, ಮಿಲ್ಲಿನ ಕಟ್ಟೆ

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದೆನಂತೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಪಡಬಾರದ ಪಾಡು ಪಟ್ಟವಳು ನನ್ನವ್ವ. ಆದರೆ ನಮ್ಮ ಕಡೆ ಒಂದು ನಂಬಿಕೆ ಇದೆ. ಹಾಗೆ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಅಂತ. ರಾವಂದೂರಿನಲ್ಲಿ ನಾನು ಚಿಕ್ಕವಳಿದ್ದಾಗ ಯಾರಾದರೂ ಅಪರೂಪಕ್ಕೆ ಬಂದು ಒದೆಸಿಕೊಂಡು, ಕೈಗೆ ಬೆಲ್ಲದಚ್ಚು ಕೊಟ್ಟು ಹೋಗುತ್ತಿದ್ದರು. ದೊಡ್ಡವರನ್ನು ಒದ್ದು ಬೆಲ್ಲ ತಿನ್ನುವ ಭಾಗ್ಯ ಎಷ್ಟು ಮಕ್ಕಳಿಗಿದೆ? ನನಗೇನೂ ಬೇಜಾರಿರಲಿಲ್ಲ.

ಹೆಣ್ಣು ನೋಡಲು ಬಂದ ದಿನ ಅವ್ವ ಈ ವಿಷಯ ಬಾಯಿಬಿಟ್ಟಳು. ಹೊಸ ಅಗ್ರಹಾರದ ಕಡೆ ಅಕ್ಕಿ ಮಿಲ್ಲು ಇಟ್ಟಿದ್ದ ನನ್ನ ಮಾವ ಅಲ್ಲಿಗೇ ಜಾತಕದ ಮಾತು ನಿಲ್ಲಿಸಿ, ಹೆಣ್ಣು ಒಪ್ಪಿಗೆ ಅಂದುಬಿಟ್ಟರು. ನನ್ನ ಚೆಲುವಿಕೆಗೆ ಸೋತರು ಅಂತ ನಾನು ಒಳಗೆ ಉಬ್ಬಿದ್ದೆ. ಐವತ್ತರ ದಶಕದ ಆರಂಭ ಅದು, ಹುಡುಗಿಯರಿಗೆ ಉಬ್ಬಲು ಬೇರೆ ಕಾರಣಗಳೂ ಕಡಿಮೆ. ಒಪ್ಪಿದ್ದು ಕಾಲನ್ನು ಅಂತ ಮೊದಲ ಸುಗ್ಗಿಯಲ್ಲಿ ಗೊತ್ತಾಯಿತು.

ಮಿಲ್ಲಿನ ಅಂಗಳ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಗಾಡಿಯಿಂದ ಇಳಿಸಿದ ಭತ್ತದ ಮೂಟೆಗಳು ತೂಕವಾಗಿ ನೆಲದ ಮೇಲೆ ಬಿದ್ದಿರುತ್ತಿದ್ದವು. ಹಮಾಲಿಯಾದವನು ಒಬ್ಬನೇ ಬಗ್ಗಿ, ನೆಲದಿಂದ ಎತ್ತಿ, ಒಂದೇ ಬೀಸಿಗೆ ಬೆನ್ನಿಗೆ ಹಾಕಿಕೊಳ್ಳಬೇಕು. ಅದು ಆ ಮಿಲ್ಲಿನ ಮರ್ಯಾದೆ. ಇನ್ನೊಬ್ಬನನ್ನು ಕೈಕೊಡಲು ಕರೆದರೆ, "ಯಾಕ್ಲಾ, ಸೀರೆ ತರ್ಸ್ಲಾ?" ಅಂತ ಉಳಿದವರು ಮಾನ ಕಳೆಯುತ್ತಿದ್ದರು. ಮರ್ಯಾದೆ ಶುರು ಮಾಡಿದವರು ಮಾವನೇ. ಹರೆಯದಲ್ಲಿ ಗರಡಿಮನೆಯ ಗುಂಡುಕಲ್ಲು ಎತ್ತಿದವರು. ಆ ಗುಂಡುಕಲ್ಲನ್ನು ಅವರು ಕೊನೆಯವರೆಗೂ ಕೆಳಗಿಳಿಸಲೇ ಇಲ್ಲ, ಮಾತಿನಲ್ಲಿ ಹೊತ್ತುಕೊಂಡೇ ತಿರುಗಿದರು.

ಹೀಗಾಗಿ ಸುಗ್ಗಿ ಬಂತೆಂದರೆ ಬೆಳಗಾಗುತ್ತಲೇ ಹಿತ್ತಲ ಬಾಗಿಲಲ್ಲಿ ಒಬ್ಬ ಕುಡುಗೋಲಿನ ಹಾಗೆ ಬಾಗಿ ನಿಂತಿರುತ್ತಿದ್ದ. "ಅವ್ವೋರೇ, ಸೊಂಟ ಇಡ್ಕೊಬುಡ್ತು. ವಸಿ ಒದೀರಿ." ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿರುತ್ತಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ಒದ್ದು, ಕಾಲು ತೊಳೆದು, ಮತ್ತೆ ಒಲೆ ಮುಂದೆ ಕೂರುತ್ತಿದ್ದೆ. ನಿಜಕ್ಕೂ ವಾಸಿಯಾಗುತ್ತಿತ್ತೋ, ಹೆಂಗಸಿನ ಕೈಲಿ ಇನ್ನೊಂದು ಸಲ ಒದೆಸಿಕೊಳ್ಳುವ ನಾಚಿಕೆಗೆ ನೆಟ್ಟಗಾಗುತ್ತಿದ್ದರೋ, ನನಗಂತೂ ತಿಳಿಯದು. ಹಮಾಲಿಗಳ ಮೇಸ್ತ್ರಿಯ ಸೊಂಟ ಮಾತ್ರ ಒದ್ದಷ್ಟೂ ಹಟ ಹಿಡಿದು, ಆತ ಒಂದು ಕಡೆಗೆ ವಾಲಿಕೊಂಡೇ ನಡೆಯುತ್ತಿದ್ದ.

ಮಾವನಿಗೆ ಇದೇ ಹೆಮ್ಮೆ. "ಬ್ಯಾರೆ ಮಿಲ್ಲಲ್ಲಿ ಸೊಂಟ ಇಡ್ಕೊಂಡ್ರೆ ವಾರಗಟ್ಲೆ ಮಲಗ್ತಾರೆ. ನಮ್ಮಲ್ಲಿ ಸೊಸೆ ಅವ್ಳೆ" ಅಂತ ಸಂತೆಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು.

ಮೂರನೆಯ ಸುಗ್ಗಿಯಲ್ಲಿ ನನ್ನಣ್ಣ ರಾವಂದೂರಿನಿಂದ ಬಂದು, ಮಾಘದಲ್ಲಿ ತಂಗಿಯ ಮದುವೆ, ವಾರ ಮುಂಚೆ ಕಳಿಸಿಕೊಡಿ ಅಂದ. ಮಾವ ಎಲೆಅಡಿಕೆ ಕೊಟ್ಟು ಉಪಚರಿಸಿ ಹೇಳಿದರು, "ಸುಗ್ಗೀಲಿ ಎಂಗಪ್ಪಾ ಕಳಿಸಾನೆ? ಗಾಡಿ ಮೇಲೆ ಗಾಡಿ ಬತ್ತಾವೆ. ಸೊಂಟಗಳ ಗತಿ ಏನಾಗ್ಬೇಕು? ಸುಗ್ಗಿ ಮುಗೀಲಿ, ಆಮ್ಯಾಕೆ ಬಂದು ಅಕ್ಕಿಕಾಳು ಹಾಕ್ತಾಳೆ."

ತಂಗಿ ನನ್ನ ಕಂಕುಳಲ್ಲೇ ಬೆಳೆದ ಹುಡುಗಿ. ಅವಳ ಧಾರೆಗೆ ನಾನಿಲ್ಲ, ಯಾವನದೋ ಸೊಂಟಕ್ಕೆ ನಾನಿರಬೇಕು. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಆ ಸಿಟ್ಟಿನಲ್ಲಿ ಕಿಟಕಿಯಿಂದ ಅಂಗಳವನ್ನೇ ದುರುಗುಟ್ಟಿ ನೋಡುತ್ತಾ ಕೂತೆ.

ನೋಡುತ್ತಾ ನೋಡುತ್ತಾ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಾಡಿಯಿಂದ ಮೂಟೆ ಇಳಿಸುವವನು ಗಾಡಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ, ಮೂಟೆ ಜಾರಿ ಬೆನ್ನ ಮೇಲೆ ಕೂರುತ್ತದೆ, ಆತ ನಡೆದು ಹೋಗುತ್ತಾನೆ. ಅವನು ಹಿತ್ತಲ ಬಾಗಿಲಿಗೆ ಬಂದದ್ದೇ ಇಲ್ಲ. ಬರುವವರೆಲ್ಲ ನೆಲದಿಂದ ಎತ್ತುವವರು.

ರಾತ್ರಿ ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದೆ. "ನೀರಿನ ಕೊಡವನ್ನ ನೆಲದಿಂದ ಸೀದಾ ತಲೆಗೆ ಎತ್ಕೊಳ್ಳೋ ಹೆಂಗಸನ್ನ ಎಲ್ಲಾದ್ರೂ ಕಂಡಿದ್ದೀರಾ? ಮೊದಲು ಬಾವಿಕಟ್ಟೆಗಿಡ್ತೀವಿ, ಅಲ್ಲಿಂದ ಸೊಂಟಕ್ಕೆ. ಅಂಗಳದಲ್ಲಿ ಗಾಡಿ ಎತ್ತರಕ್ಕೆ ಒಂದು ಕಟ್ಟೆ ಕಟ್ಟಿಸಿ. ಗಾಡಿಯಿಂದ ಮೂಟೆ ಅಲ್ಲಿಗೇ ಬೀಳ್ಲಿ, ಅಲ್ಲೇ ತೂಕ ಆಗ್ಲಿ, ಅಲ್ಲಿಂದ್ಲೇ ಬೆನ್ನಿಗೆ ಹೋಗ್ಲಿ."

ನನ್ನ ಗಂಡ ಒಳ್ಳೆಯವರು. ಅಪ್ಪನ ಮುಂದೆ ಮಾತ್ರ ಅವರ ನಾಲಿಗೆ ಬಾಯಿಯ ಯಾವುದೋ ಮೂಲೆ ಸೇರುತ್ತಿತ್ತು. ಆದರೂ ಮಾರನೆಯ ದಿನ ಹಮಾಲಿಗಳೆಲ್ಲ ಇದ್ದಾಗ ಹೇಗೋ ಉಸುರಿದರು.

ಮಾವ ನಕ್ಕರು. "ಸೊಂಟ ಗಟ್ಟಿ ಇದ್ರೆ ನೆಲ ಆದ್ರೇನು, ಗಾಡಿ ಆದ್ರೇನ್ಲಾ? ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಅತ್ತಗೆ ಸರೀರಿ, ತೋರುಸ್ತೀನಿ." ಪಂಚೆಯನ್ನು ಕಚ್ಚೆ ಕಟ್ಟಿ, ಅಂಗೈಗೆ ಉಗುಳಿಕೊಂಡು, ಒಂದು ಮೂಟೆಯ ಕಿವಿ ಹಿಡಿದರು. ಮೂಟೆ ಮೊಣಕಾಲಿನವರೆಗೆ ಬಂತು. ಮುಂದೆ ಅದೂ ಏಳಲಿಲ್ಲ, ಮಾವನೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮೂಟೆ ಕೆಳಗೆ ಬಿತ್ತು. ಮಾವ ಹಾಗೇ ಉಳಿದರು.

ಹಮಾಲಿಗಳು ನೆಲ ನೋಡಿದರು. ಮೇಸ್ತ್ರಿ ಮೆತ್ತಗೆ ಕೇಳಿದ, "ಬುದ್ಧೀ, ಅವ್ವೋರ್ನ ಕರೀಲಾ?"

"ಬಾಯ್ ಮುಚ್ಲಾ" ಅಂದರು ಮಾವ, ನೆಲಕ್ಕೆ ಮುಖ ಮಾಡಿಕೊಂಡೇ.

ಎತ್ತಿಕೊಂಡು ಬಂದು ನಡುಮನೆಯಲ್ಲಿ ಮಲಗಿಸಿದರು. ಹರಳೆಣ್ಣೆ ತಿಕ್ಕಿದ್ದಾಯಿತು, ಬಿಸಿ ಉಪ್ಪಿನ ಗಂಟು ಇಟ್ಟದ್ದಾಯಿತು. ಮಾರನೆಯ ದಿನವೂ ಲಿಂಗಪೂಜೆಗೆ ಕೂರಲಾಗಲಿಲ್ಲ. ಪೂಜೆಯಾಗದೆ ಅವರು ತುತ್ತು ಮುಟ್ಟುವವರಲ್ಲ. ಸಂಜೆ ಹೊತ್ತಿಗೆ ಹಸಿವೂ ಸೊಂಟವೂ ಸೇರಿ ಅವರನ್ನು ಸೋಲಿಸಿದವು. ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ. ನಾವಿಬ್ಬರೂ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ, ಹೇಳುವುದನ್ನೆಲ್ಲ ಅತ್ತೆಗೆ ಹೇಳಬೇಕು.

"ಲಿಂಗ ಕಟ್ಟಿದ ಮೈಗೆ ಸೊಸೆ ಕಾಲು ತಾಕಿದ್ರೆ ಶಿವ ಮೆಚ್ತಾನೇನೇ?" ಅಂದರು ಮಾವ.

"ಆಳುಗಳ್ನ ಒದೀವಾಗ ಮೆಚ್ಚಿದ್ನಲ್ಲ" ಅಂದರು ಅತ್ತೆ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಿದ್ರು. ಮಾವಂಗೂ ಒಂದು ಕಾಲ ಬತ್ತದೆ ಅಂತ ನಂಗೊತ್ತಿರ್ನಿಲ್ಲ."

ನನಗೆ ಎಲ್ಲಿಂದ ಧೈರ್ಯ ಬಂತೋ. "ಅತ್ತೆ, ಒದೀತೀನಿ ಅಂತ ಹೇಳಿ. ಆದ್ರೆ ಮೊದಲು ಅಂಗಳದಲ್ಲಿ ಕಟ್ಟೆ ಆಗ್ಬೇಕು."

"ಕಟ್ಟೆ ಆಗೋಗಂಟ ನಾನು ಇಂಗೇ ಇರ್ಬೇಕಾ ಕೇಳು" ಅಂದರು ಮಾವ ಗೋಡೆಗೆ.

"ಬುನಾದಿ ಕಲ್ಲು ಬಿದ್ರೆ ಸಾಕು ಅಂತ ಹೇಳಿ. ಮದುವೆಗೆ ಕಳಿಸಿ ಅಂತ ನಾನು ಕೇಳಲ್ಲ ಅತ್ತೆ. ಕಟ್ಟೆ ಆದ್ಮೇಲೆ ನನ್ನ ಕಾಲಿಗೆ ಇಲ್ಲೇನು ಕೆಲಸ ಇರ್ತದೆ, ಅವರೇ ಯೋಚನೆ ಮಾಡ್ಲಿ."

ಆಮೇಲೆ ಮಾವ ಮಗನನ್ನು ಕೂಗಿ, ಕಲ್ಲು ಹಾಕಿಸು ಅಂದರು.

ಅಂಗಳದಲ್ಲಿ ಕಲ್ಲು ಬಿದ್ದ ಸದ್ದು ಕೇಳಿದ ಮೇಲೆ ಅತ್ತೆ ಮಾವನನ್ನು ಬೋರಲು ಮಲಗಿಸಿ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದಿಸಿದರು. "ಒಳಗೆ ಯಾರವ್ರೆ ಅಂತ ನಿಂಗೆ ಗೊತ್ತಿಲ್ಲ, ಒದಿ" ಅಂದರು. ನಾನು ಮೊದಲು ಕಂಬಳಿಯ ಪಾದಕ್ಕೆ ನಮಸ್ಕಾರ ಮಾಡಿದೆ. ಮೊದಲ ಎರಡು ಒದೆ ಬರೀ ಸೋಕಿಸಿದ್ದು. ಮೂರನೆಯದನ್ನು ಒದೆಯುವಾಗ ತಂಗಿಯ ಮುಖ ಕಣ್ಣ ಮುಂದೆ ಬಂತು, ಮೇಸ್ತ್ರಿಯ ವಾಲಿದ ನಡಿಗೆಯೂ ಬಂತು. ಕಂಬಳಿಯೊಳಗಿಂದ "ಅಯ್ಯಪ್ಪಾ" ಅಂತ ಕೇಳಿ, ಮಾವ ಎದ್ದು ಕೂತರು. ನೆಟ್ಟಗೆ ಕೂತರು. ಕಾಲಿನ ಗುಣವೋ ಸಿಟ್ಟಿನ ಗುಣವೋ, ಎರಡು ದಿನ ಮಲಗಿದ್ದರ ಗುಣವೋ, ಶಿವನಿಗೇ ಗೊತ್ತು.

ಕಟ್ಟೆಯ ಎತ್ತರ ಗೊತ್ತು ಮಾಡಿದವನು ಮೇಸ್ತ್ರಿ, ಗಾಡಿಗೆ ಬೆನ್ನು ಕೊಟ್ಟು ನಿಂತು ಅಳೆದು. ಹಮಾಲಿಗಳು ಮೊದಮೊದಲು ಅದನ್ನು ಹೆಂಗಸರ ಕಟ್ಟೆ ಅಂತ ಆಡಿಕೊಂಡು ಹತ್ತಿರ ಹೋಗಲಿಲ್ಲ. ಮಾವನೇ ಹೋಗಿ ಅದರ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತರು. ಆ ಸೊಂಟದ ಕಥೆ ಗೊತ್ತಿದ್ದವರು ಯಾರೂ ಆಮೇಲೆ ಸೀರೆಯ ಮಾತೆತ್ತಲಿಲ್ಲ. ಹಿತ್ತಲ ಬಾಗಿಲು ಬೆಳಗ್ಗೆ ಬಣಗುಡತೊಡಗಿತು, ನನ್ನ ಮುದ್ದೆ ಗಂಟಾಗುವುದೂ ನಿಂತಿತು. ಮದುವೆಗೆ ವಾರ ಇರುವಾಗ ಮಾವ ಗಾಡಿ ಹೂಡಿಸಿ, "ಸೊಸೆಗೆ ಬಿರ್ನೆ ಒರಡಕ್ಕೆ ಹೇಳು" ಅಂದರು ಅತ್ತೆಗೆ. ತಂಗಿಯ ಧಾರೆಯಲ್ಲಿ ಅವಳ ಪಕ್ಕ ನಾನೇ ನಿಂತೆ.

ಮರುವರ್ಷ ಬಾಣಂತನಕ್ಕೆ ರಾವಂದೂರಿಗೆ ಹೋದೆ. ಹೆಣ್ಣುಮಗು ಹುಟ್ಟಿದ ಸುದ್ದಿ ತಿಳಿದು ಮಾವ ಬಂದರು. ಜಗುಲಿಯಲ್ಲಿ ಕೂತು, ನೀರನ್ನೂ ಮುಟ್ಟದೆ, ಮೊದಲು ಕೇಳಿದ್ದೇ ಇದನ್ನು: "ಕೂಸು ತಲೆ ಮುಂದಾಗಿ ಬಂತೋ, ಕಾಲು ಮುಂದಾಗಿ ಬಂತೋ?"

ಒಳಗೆ ಮಲಗಿದ್ದ ನನ್ನ ರಕ್ತ ಕುದಿಯಿತು. ಇನ್ನೂ ಬುದ್ಧಿ ಬಂದಿಲ್ಲವಲ್ಲ ಈ ಮನುಷ್ಯನಿಗೆ ಅನ್ನಿಸಿತು. ಅವ್ವ ಅಂಜುತ್ತಂಜುತ್ತಾ, "ತಲೆಯೇ ಬೀಗ್ರೇ" ಅಂದಳು.

"ಒಳ್ಳೇದಾಯ್ತು ಬುಡಿ" ಅಂದರು ಮಾವ. ನೀರಿನ ಚೊಂಬು ಎತ್ತಿಕೊಂಡ ಸದ್ದು ಕೇಳಿಸಿತು. "ಇವುಳ್ನಾದ್ರೂ ನಾವು ಕರೆದಾಗ ಗಂಡನ ಮನೆಯೋರು ನಮ್ಮನೆಗೆ ಕಳಿಸ್ತಾರೆ."